ಕಾಝಿಯ ತಪ್ಪಿಗೆ ಮಾಫಿ ಕೊಡಬೇಕಾದವರು ಯಾರು?



ಕಳೆದ ತಿಂಗಳ ಎರಡನೆಯ ಜುಮಾದ ಖುತ್ಬಾದಲ್ಲಿ ನಾವು ಕ್ಷಮೆಯ ಕುರಿತು ಮಾತನಾಡಿದ್ದೆವು. ನಮಾಝ್ ಮುಗಿದು ಜನ ಚಪ್ಪಲಿ ಹುಡುಕುತ್ತಿದ್ದಾಗ ಜಮಾಅತಿನ ಇಬ್ಬರು ಹಿರಿಯರು ನಮ್ಮನ್ನು ಹೌಝಿನ ಬಳಿ ನಿಲ್ಲಿಸಿಕೊಂಡರು. "ಮೌಲಾನಾ, ಕ್ಷಮಿಸುವವನು ದೊಡ್ಡವನು ಅಂತ ನೀವೇ ಮಿಂಬರ್ ಮೇಲಿಂದ ಹೇಳಿದ್ರಿ. ಹಾಗಾದ್ರೆ ಅವರನ್ನು ಮತ್ತೆ ಪಂಚಾಯಿತಿಗೆ ಕೂರಿಸೋಣ ಅಲ್ವಾ?" ಎಂದು ಕೇಳಿದರು.

ಅವರು ಯಾರ ವಿಷಯ ಹೇಳುತ್ತಿದ್ದಾರೆಂಬುದು ನಮಗೆ ಗೊತ್ತಿತ್ತು. ಮೊಹಲ್ಲಾದಲ್ಲಿ ಗಂಡ ಹೆಂಡಿರ ತಕರಾರು, ಮನೆ ಪಾಲಿನ ಜಗಳ ಬಂದಾಗ ಕೂತು ಬಗೆಹರಿಸುತ್ತಿದ್ದ ಹಿರಿಯರೊಬ್ಬರು. ಎಂಟು ವರ್ಷಗಳ ಹಿಂದೆ ಒಬ್ಬ ವಿಧವೆಗೂ ಆಕೆಯ ಮೈದುನನಿಗೂ ಮನೆಯ ಪಾಲಿನ ವ್ಯಾಜ್ಯ ಬಂದಾಗ ಮೈದುನನ ಕಡೆಯಿಂದ ಹಣ ಪಡೆದದ್ದು ಬಯಲಾಯಿತು. ಅವರನ್ನು ಪಂಚಾಯಿತಿಯಿಂದ ತೆಗೆದರು. ಈಗ ಅವರಿಗೆ ವಯಸ್ಸಾಗಿದೆ, ಹಜ್ ಮಾಡಿ ಬಂದಿದ್ದಾರೆ, ಐದು ಹೊತ್ತೂ ಮೊದಲ ಸಾಲಿನಲ್ಲಿರುತ್ತಾರೆ. ಅವರನ್ನು ನೋಡಿದಾಗ ನಮಗೂ ಮನಸ್ಸು ಕರಗುತ್ತದೆ.

ನಾವು ತಕ್ಷಣ ಉತ್ತರ ಕೊಡಲಿಲ್ಲ. ಸ್ವಲ್ಪ ಸಮಯ ಕೇಳಿಕೊಂಡು ಮನೆಗೆ ಬಂದು, ಬಿ.ಎ. ಓದುವಾಗ ಕೊಂಡಿದ್ದ ಇತಿಹಾಸದ ಪುಸ್ತಕಗಳ ಧೂಳು ಕೊಡವಿದೆವು. ಶಿಕ್ಷೆಗೊಳಗಾದ ನ್ಯಾಯಾಧೀಶನಿಗೆ ಕ್ಷಮೆ ಸಿಕ್ಕ ಪ್ರಸಂಗಗಳು ಚರಿತ್ರೆಯಲ್ಲಿ ಇರಲೇಬೇಕಲ್ಲವೇ? ಇವೆ. ಇಂಗ್ಲೆಂಡಿನಲ್ಲಿ ಅಂಥವು ಚೆನ್ನಾಗಿ ದಾಖಲಾಗಿವೆ. ನಮ್ಮ ಇಂದಿನ ಕೋರ್ಟುಗಳ ಪದ್ಧತಿ ಬಹುಪಾಲು ಅಲ್ಲಿಂದಲೇ ಬಂದದ್ದರಿಂದ ಆ ಕಥೆ ನಮಗೆ ದೂರದ್ದೂ ಅಲ್ಲ.

ಮೊದಲು ಹಳೆಯದನ್ನು ನೋಡೋಣ. ಇಂಗ್ಲೆಂಡಿನ ದೊರೆ ಮೊದಲನೆಯ ಎಡ್ವರ್ಡ್ 1286ರಿಂದ 1289ರವರೆಗೆ ಮೂರು ವರ್ಷ ಫ್ರಾನ್ಸಿನ ಗ್ಯಾಸ್ಕನಿ ಪ್ರಾಂತದಲ್ಲಿದ್ದ. ದೊರೆ ಊರಿನಲ್ಲಿಲ್ಲದಾಗ ಅಧಿಕಾರಿಗಳು ಹೇಗಿರುತ್ತಾರೆಂದು ನಾವು ಹೇಳಬೇಕಾಗಿಲ್ಲ. ಹಿಂತಿರುಗಿದ ಮೇಲೆ ಆತ, ದೊರೆಯ ನ್ಯಾಯಾಧೀಶರಿಂದಲೂ ಅಧಿಕಾರಿಗಳಿಂದಲೂ ಅನ್ಯಾಯವಾದವರು ಬಂದು ದೂರು ಕೊಡಬಹುದೆಂದು ಸಾರಿಸಿ, ಕೇಳಲು ಒಂದು ಆಯೋಗವನ್ನು ಕೂರಿಸಿದ. ಜನ ಸಾಲುಗಟ್ಟಿ ಬಂದರು. ವಿಚಾರಣೆ 1293ರವರೆಗೂ ನಡೆಯಿತು. ಎರಡು ದೊಡ್ಡ ನ್ಯಾಯಾಲಯಗಳ ಮುಖ್ಯ ನ್ಯಾಯಾಧೀಶರಿಬ್ಬರೂ ಕೆಳಗಿಳಿದರು. ಕಾಮನ್ ಪ್ಲೀಸ್ ನ್ಯಾಯಾಲಯದ ಮುಖ್ಯ ನ್ಯಾಯಾಧೀಶ ಥಾಮಸ್ ವೇಲ್ಯಾಂಡನ ಆಳುಗಳು ಕೊಲೆ ಮಾಡಿದ್ದರು, ಈತ ಅವರಿಗೆ ಆಶ್ರಯ ಕೊಟ್ಟಿದ್ದ ಎಂಬ ಆರೋಪ. ಅವನು ಓಡಿಹೋಗಿ ಸನ್ಯಾಸಿಗಳ ಮಠ ಸೇರಿ ಅವರ ವೇಷ ತೊಟ್ಟ. ಹೊರಗೆ ಕಾವಲು ಹಾಕಿ ಒಳಗೆ ಆಹಾರ ಹೋಗದಂತೆ ಮಾಡಿದಾಗ ಹೊರಬಂದು, ದೇಶ ಬಿಡುವುದನ್ನೇ ಆರಿಸಿಕೊಂಡ. ಬರಿಗಾಲಿನಲ್ಲಿ, ಬರಿತಲೆಯಲ್ಲಿ, ಕೈಯಲ್ಲಿ ಶಿಲುಬೆ ಹಿಡಿದು ಸಮುದ್ರತೀರದವರೆಗೆ ನಡೆಯಬೇಕಾಯಿತು. ನಿನ್ನೆಯವರೆಗೆ ಇತರರಿಗೆ ಗಡಿಪಾರು ವಿಧಿಸುತ್ತಿದ್ದವನು!

ಇನ್ನೊಬ್ಬನು ಕಿಂಗ್ಸ್ ಬೆಂಚಿನ ಮುಖ್ಯ ನ್ಯಾಯಾಧೀಶ ರಾಲ್ಫ್ ಹೆಂಗಮ್. 1274ರಿಂದ ಆ ಪೀಠದಲ್ಲಿದ್ದವನು, ಕಾನೂನಿನ ಮೇಲೆ ಗ್ರಂಥ ಬರೆದ ವಿದ್ವಾಂಸ. 1290ರಲ್ಲಿ ಅವನ ಪದವಿ ಹೋಯಿತು, ಸಾವಿರಾರು ಮಾರ್ಕ್ ದಂಡ ಬಿತ್ತು. ಆ ಕಾಲದ ಒಂದು ಮಾರ್ಕ್ ಎಂದರೆ 13 ಶಿಲ್ಲಿಂಗ್ 4 ಪೆನ್ಸ್. ಈ ಲೆಕ್ಕವನ್ನು ನೆನಪಿಡಿ. ಏಕೆಂದರೆ ಹೆಂಗಮನ ಕುರಿತು ಇಂಗ್ಲೆಂಡಿನ ವಕೀಲರು ತಲೆಮಾರುಗಳಿಂದ ಹೇಳಿಕೊಂಡು ಬಂದ ಕಥೆಯೊಂದಿದೆ. ಒಬ್ಬ ಬಡವನ ಮೇಲೆ ಒಂದು ಮಾರ್ಕ್ ದಂಡ ಬರೆದಾಗಿತ್ತಂತೆ. ಹೆಂಗಮನಿಗೆ ಕನಿಕರ ಬಂದು, ದಾಖಲೆಯ ಸುರುಳಿಯಲ್ಲಿ ಅದನ್ನು ಅಳಿಸಿ ಅರ್ಧ ಮಾರ್ಕ್ ಎಂದು ತಿದ್ದಿದನಂತೆ. ಅದಕ್ಕೇ ಅವನಿಗೆ ಶಿಕ್ಷೆಯಾಯಿತು, ಅವನು ಕಟ್ಟಿದ ದಂಡದ ಹಣದಲ್ಲೇ ವೆಸ್ಟ್‌ಮಿನ್‌ಸ್ಟರ್ ಅರಮನೆಯ ಎದುರು ಗಡಿಯಾರದ ಗೋಪುರ ಕಟ್ಟಿಸಿದರು ಎಂಬುದು ಕಥೆ. ಮೊದಲನೆಯ ಎಲಿಝಬೆತ್ ರಾಣಿಯ ಕಾಲದಲ್ಲಿ ಒಬ್ಬ ನ್ಯಾಯಾಧೀಶನಿಗೆ ದಾಖಲೆ ತಿದ್ದಲು ಹೇಳಿದಾಗ, ಗಡಿಯಾರದ ಮನೆ ಕಟ್ಟಿಸುವ ಇರಾದೆ ನನಗಿಲ್ಲ ಎಂದು ನಿರಾಕರಿಸಿದನಂತೆ.

ಕಥೆ ಸೊಗಸಾಗಿದೆ. ಆದರೆ ನಾವು ಅದನ್ನು ಪೂರ್ತಿ ನಂಬುವುದಿಲ್ಲ. ಅರ್ಧ ಮಾರ್ಕಿನ ಕನಿಕರಕ್ಕೆ ಸಾವಿರಾರು ಮಾರ್ಕ್ ದಂಡ ಬೀಳುವುದು ಹೇಗೆ? ಕಥೆ ಬರಹದಲ್ಲಿ ಕಾಣಿಸಿಕೊಳ್ಳುವುದು ಕೂಡ ಹೆಂಗಮ್ ಸತ್ತು ಬಹಳ ಕಾಲವಾದ ಮೇಲೆ. ದೊಡ್ಡವನೊಬ್ಬ ತಪ್ಪು ಮಾಡಿ ಹಿಂತಿರುಗಿ ಬಂದಾಗ ಅವನ ತಪ್ಪು ನಿಧಾನವಾಗಿ ಒಳ್ಳೆಯತನದ ಕಥೆಯಾಗಿಬಿಡುತ್ತದೆ. ಇದು ಎಲ್ಲ ಊರುಗಳಲ್ಲೂ ನಡೆಯುತ್ತದೆ, ನಮ್ಮ ಮೊಹಲ್ಲಾದಲ್ಲೂ ನಡೆಯುತ್ತಿದೆ. "ಪಾಪ, ಅವರು ಆಗ ಮಗಳ ಮದುವೆಯ ಕಷ್ಟದಲ್ಲಿದ್ದರು" ಎಂಬ ಮಾತನ್ನು ನಾವು ಈಚೆಗೆ ಮೂರು ಬಾರಿ ಕೇಳಿದ್ದೇವೆ.

ಹೆಂಗಮ್ ನಿಜಕ್ಕೂ ಹಿಂತಿರುಗಿ ಬಂದ. ಆ ತನಿಖೆಯಲ್ಲಿ ಕಳಂಕ ತಟ್ಟದೆ ಉಳಿದ ನ್ಯಾಯಾಧೀಶರಲ್ಲಿ ಜಾನ್ ಮೆಟಿಂಗಮ್ ಒಬ್ಬ. ಅವನನ್ನೇ 1290ರಲ್ಲಿ ಕಾಮನ್ ಪ್ಲೀಸಿನ ಮುಖ್ಯ ನ್ಯಾಯಾಧೀಶನನ್ನಾಗಿ ಮಾಡಿದ್ದರು. 1301ರಲ್ಲಿ ಮೆಟಿಂಗಮ್ ತೀರಿಕೊಂಡಾಗ ಅವನ ಜಾಗಕ್ಕೆ ದೊರೆ ತಂದು ಕೂರಿಸಿದ್ದು ಹೆಂಗಮನನ್ನು. ಹನ್ನೊಂದು ವರ್ಷಗಳ ನಂತರ! 1309ರವರೆಗೆ ಅಲ್ಲೇ ಕುಳಿತು, 1311ರಲ್ಲಿ ಸತ್ತ. ಎರಡನೆಯ ಅವಧಿಯಲ್ಲಿ ಅವನ ತಲೆಯೇನೂ ಬಾಗಿರಲಿಲ್ಲ. 1305ರಲ್ಲಿ ವಕೀಲನೊಬ್ಬ ಶಾಸನವೊಂದಕ್ಕೆ ಅರ್ಥ ಹೇಳಲು ಹೋದಾಗ, ನಮಗೆ ವ್ಯಾಖ್ಯಾನ ಬೇಡ, ಅದನ್ನು ಮಾಡಿದವರೇ ನಾವು ಎಂಬರ್ಥದ ಮಾತಿನಿಂದ ಬಾಯಿ ಮುಚ್ಚಿಸಿದ್ದು ದಾಖಲಾಗಿದೆ.

ಈ ಮಾಫಿಯನ್ನು ಕೊಟ್ಟವರು ಯಾರು? ದೊರೆ. ಏಕೆ ಕೊಟ್ಟ? ಹೆಂಗಮನಂಥ ಕಾನೂನು ಪಂಡಿತ ಮತ್ತೊಬ್ಬ ಸುಲಭವಾಗಿ ಸಿಗುತ್ತಿರಲಿಲ್ಲ. ದಂಡದ ಹಣ ಹೋದದ್ದು ಎಲ್ಲಿಗೆ? ದೊರೆಯ ಖಜಾನೆಗೆ. ಗ್ಯಾಸ್ಕನಿಯಿಂದ ಬರುವಾಗ ಅವನ ತಲೆಯ ಮೇಲೆ ಸಾಲವಿತ್ತು. ಇದೇ ಎಡ್ವರ್ಡನನ್ನು ಚರಿತ್ರೆಕಾರರು ದೊಡ್ಡ ಶಾಸನಕರ್ತನೆಂದು ಹೊಗಳುತ್ತಾರೆ. ನ್ಯಾಯಾಧೀಶರಿಗೆ ಶಿಕ್ಷೆ ಕೊಟ್ಟ ಅದೇ 1290ರ ಜುಲೈಯಲ್ಲಿ ಅವನು ತನ್ನ ರಾಜ್ಯದಲ್ಲಿದ್ದ ಯಹೂದಿಗಳೆಲ್ಲರೂ ದೇಶ ಬಿಟ್ಟು ಹೋಗಬೇಕೆಂದು ಆಜ್ಞೆ ಹೊರಡಿಸಿದ ಎಂಬುದನ್ನೂ ಓದುಗರು ಪಕ್ಕದಲ್ಲಿಟ್ಟುಕೊಳ್ಳಬೇಕು.

ಎರಡನೆಯ ಪ್ರಸಂಗ ಹೆಚ್ಚು ಪ್ರಸಿದ್ಧವಾದದ್ದು. ನಮ್ಮ ಬಿ.ಎ. ತರಗತಿಯ ಇಂಗ್ಲಿಷ್ ಪಠ್ಯದಲ್ಲಿ ಓದಿನ ಕುರಿತು ಫ್ರಾನ್ಸಿಸ್ ಬೇಕನ್ ಬರೆದ ಪ್ರಬಂಧವಿತ್ತು. ಲೆಕ್ಚರರು ಅವನ ಪಾಂಡಿತ್ಯವನ್ನು ಅರ್ಧ ಗಂಟೆ ಹೊಗಳಿ, ಕೊನೆಗೆ ಲಂಚದ ವಿಷಯವನ್ನು ಒಂದು ವಾಕ್ಯದಲ್ಲಿ ಹೇಳಿ ಗಂಟೆ ಹೊಡೆಯುವಷ್ಟರಲ್ಲಿ ಮುಗಿಸಿದರು. ಆ ಒಂದು ವಾಕ್ಯ ನಮ್ಮ ತಲೆಯಲ್ಲಿ ಇಪ್ಪತ್ತು ವರ್ಷಗಳಿಂದ ಕೂತಿದೆ.

ಬೇಕನ್ ಹುಟ್ಟಿದ್ದು 1561ರಲ್ಲಿ, ಲಂಡನ್ನಿನ ಯಾರ್ಕ್ ಹೌಸ್ ಎಂಬ ಬಂಗಲೆಯಲ್ಲಿ. ತಂದೆ ರಾಜಮುದ್ರೆಯನ್ನು ಕಾಯುವ ದೊಡ್ಡ ಅಧಿಕಾರಿ. ಮಗ 1613ರಲ್ಲಿ ಅಟಾರ್ನಿ ಜನರಲ್, 1617ರಲ್ಲಿ ತಂದೆಯದೇ ಪದವಿ, 1618ರಲ್ಲಿ ಲಾರ್ಡ್ ಚಾನ್ಸಲರ್. ಅಂದರೆ ದೇಶದ ಅತ್ಯುನ್ನತ ನ್ಯಾಯಾಧೀಶ. 1620ರಲ್ಲಿ ವಿಜ್ಞಾನದ ವಿಧಾನದ ಮೇಲೆ ಅವನ ಮಹಾಗ್ರಂಥ ಹೊರಬಂತು. 1621ರ ಜನವರಿಯಲ್ಲಿ ಅರವತ್ತು ತುಂಬಿತು, ಅದೇ ತಿಂಗಳು ವೈಕೌಂಟ್ ಬಿರುದೂ ಬಂತು. ತಿಂಗಳ ಕೊನೆಗೆ ಪಾರ್ಲಿಮೆಂಟು ಸೇರಿತು. ಮಾರ್ಚಿನಲ್ಲಿ ಇಬ್ಬರು ಕಕ್ಷಿದಾರರು ಕಾಮನ್ಸ್ ಸಭೆಯ ಮುಂದೆ ಬಂದು ನಿಂತರು. ಆಬ್ರಿ ಎಂಬಾತ ತನ್ನ ಮೊಕದ್ದಮೆ ಬೇಗ ಮುಗಿಯಲೆಂದು ವಕೀಲರ ಸಲಹೆಯ ಮೇರೆಗೆ 100 ಪೌಂಡ್ ಕೊಟ್ಟಿದ್ದ. ಎಜರ್ಟನ್ ಎಂಬಾತ 400 ಪೌಂಡ್ ಕೊಟ್ಟಿದ್ದ. ವಿಚಿತ್ರವೆಂದರೆ ಹಣ ಕೊಟ್ಟರೂ ಇಬ್ಬರಿಗೂ ಪ್ರತಿಕೂಲವಾಗಿಯೇ ತೀರ್ಪು ಬಂದಿತ್ತು!

ಇಲ್ಲಿ ಬೇಕನ್ನನ ಪಕ್ಷದವರು ಇಂದಿಗೂ ಒಂದು ವಾದ ಮಾಡುತ್ತಾರೆ. ಆ ಕಾಲದಲ್ಲಿ ಅಧಿಕಾರಿಗಳಿಗೆ ಉಡುಗೊರೆ ಕೊಡುವುದು ವಾಡಿಕೆ, ಸಂಬಳ ಕಡಿಮೆ, ಆತ ಹಣ ಪಡೆದರೂ ನ್ಯಾಯವನ್ನು ಮಾರಲಿಲ್ಲ ಎಂದು. ಬೇಕನ್ ಸ್ವತಃ ತನ್ನ ಬಗ್ಗೆ, ಐವತ್ತು ವರ್ಷಗಳಲ್ಲಿ ಇಂಗ್ಲೆಂಡ್ ಕಂಡ ಅತ್ಯಂತ ನ್ಯಾಯವಂತ ನ್ಯಾಯಾಧೀಶ ನಾನು, ಆದರೆ ಇನ್ನೂರು ವರ್ಷಗಳಲ್ಲಿ ಪಾರ್ಲಿಮೆಂಟು ಕೊಟ್ಟ ಅತ್ಯಂತ ನ್ಯಾಯವಾದ ಶಿಕ್ಷೆಯೂ ಇದೇ ಎಂಬ ಅರ್ಥದಲ್ಲಿ ಬರೆದಿಟ್ಟ. ಈ ವಾದ ನಮಗೆ ಒಪ್ಪಿಗೆಯಿಲ್ಲ. ಝಕಾತ್ ವಸೂಲಿಗೆ ಹೋದವನೊಬ್ಬ ಇದು ನಿಮಗೆ, ಇದು ನನಗೆ ಬಂದ ಉಡುಗೊರೆ ಎಂದಾಗ, ಅವನು ತಂದೆತಾಯಿಯ ಮನೆಯಲ್ಲಿ ಕುಳಿತಿದ್ದರೆ ಅದು ಬರುತ್ತಿತ್ತೇ ಎಂದು ಪ್ರವಾದಿಯವರು (ಸ) ಕೇಳಿದ್ದನ್ನು ಮದ್ರಸಾದ ಹುಡುಗರೂ ಬಲ್ಲರು. ಬೇಕನ್ ಚಾನ್ಸಲರ್ ಆಗಿರದಿದ್ದರೆ ಆಬ್ರಿ 100 ಪೌಂಡ್ ಹೊತ್ತು ಅವನ ಬಾಗಿಲಿಗೆ ಹೋಗುತ್ತಿದ್ದನೇ? ಇನ್ನೂ ಒಂದು ಮಾತು. ಹಣ ಕೊಟ್ಟವರ ಹೆಸರು ದಾಖಲೆಯಲ್ಲಿ ಉಳಿಯಿತು. 100 ಪೌಂಡ್ ಹೊಂದಿಸಲಾಗದೆ ವರ್ಷಗಟ್ಟಲೆ ಬಾಗಿಲು ಕಾದವರ ಹೆಸರು ಉಳಿಯಲಿಲ್ಲ.

ಆರೋಪಗಳು ಬೆಳೆದು 28 ಆದವು. ಏಪ್ರಿಲ್ 30ರಂದು ಬೇಕನ್‌ನ ಲಿಖಿತ ತಪ್ಪೊಪ್ಪಿಗೆ ಲಾರ್ಡ್ಸ್ ಸಭೆಗೆ ಬಂತು. ತಾನು ಭ್ರಷ್ಟಾಚಾರದ ಅಪರಾಧಿ, ಯಾವ ಸಮರ್ಥನೆಯನ್ನೂ ಮಾಡಿಕೊಳ್ಳುವುದಿಲ್ಲ ಎಂದಿದ್ದ. ಆದರೂ ಒಂದೊಂದು ಆರೋಪಕ್ಕೆ ಉತ್ತರಿಸುವಾಗ ಇದು ಮೊಕದ್ದಮೆ ಮುಗಿದ ಮೇಲೆ ಬಂದದ್ದು, ಅದು ಹೊಸವರ್ಷದ ಉಡುಗೊರೆ, ಇನ್ನೊಂದು ಸಾಲ ಎಂದು ಸೇರಿಸುವುದನ್ನು ಬಿಡಲಿಲ್ಲ. ಸಹಿ ಅವನದೇ ಹೌದೇ ಎಂದು ಕೇಳಲು ಸಭೆಯ ನಿಯೋಗ ಹೋದಾಗ ಹೌದೆಂದು ಒಪ್ಪಿ, ಮುರಿದ ಜೊಂಡಿನಂತಾಗಿರುವ ತನ್ನ ಮೇಲೆ ಕರುಣೆಯಿರಲಿ ಎಂದು ಬೇಡಿಕೊಂಡ. ಮೇ 3ರಂದು ಶಿಕ್ಷೆ ಪ್ರಕಟವಾಯಿತು: 40,000 ಪೌಂಡ್ ದಂಡ, ದೊರೆಯ ಇಷ್ಟವಿರುವಷ್ಟು ಕಾಲ ಲಂಡನ್ ಟವರಿನಲ್ಲಿ ಸೆರೆ, ಇನ್ನು ಮುಂದೆ ಯಾವ ಸರ್ಕಾರಿ ಪದವಿಯೂ ಇಲ್ಲ, ಪಾರ್ಲಿಮೆಂಟಿನಲ್ಲಿ ಕೂರುವಂತಿಲ್ಲ, ದೊರೆಯ ಆಸ್ಥಾನದ 12 ಮೈಲಿ ಸುತ್ತಳತೆಯೊಳಗೆ ಬರುವಂತಿಲ್ಲ. ಬಿರುದುಗಳು ಮಾತ್ರ ಉಳಿದವು.

ಈಗ ಮಾಫಿಯ ಕಥೆ. ದೊರೆ ಒಂದನೆಯ ಜೇಮ್ಸ್ ಇಷ್ಟಪಟ್ಟ ಸೆರೆವಾಸ ಕೆಲವೇ ದಿನಗಳದ್ದು. ಮೇ ಕೊನೆಗೆ ಟವರಿಗೆ ಹೋದವನು ಜೂನ್ ಆರಂಭದಲ್ಲೇ ಹೊರಗಿದ್ದ. 40,000 ಪೌಂಡ್ ದಂಡವನ್ನು ಅದೇ ವರ್ಷ ದೊರೆ ವಸೂಲಿ ಮಾಡದೆ, ಬೇಕನ್ ತಾನೇ ಹೆಸರಿಸಿದ ಟ್ರಸ್ಟಿಗಳಿಗೆ ಒಪ್ಪಿಸಿಬಿಟ್ಟ. ಇದರ ಒಳಮರ್ಮ ನಮಗೆ ಮೊದಲ ಓದಿಗೆ ಹೊಳೆಯಲಿಲ್ಲ. ದಂಡ ರದ್ದಾಗಿದ್ದರೆ ಬೇಕನ್‌ನ ಸಾಲಗಾರರು ಅವನ ಆಸ್ತಿಯ ಮೇಲೆ ಬೀಳುತ್ತಿದ್ದರು. ದಂಡ ರದ್ದಾಗದೆ ಅವನದೇ ಮಿತ್ರರ ಕೈಯಲ್ಲಿದ್ದುದರಿಂದ, ದೊರೆಗೆ ಸಲ್ಲಬೇಕಾದ ಬಾಕಿಯೆಂಬ ಹೆಸರಿನಲ್ಲಿ ಅದೇ ಮೊದಲು ನಿಂತು, ಉಳಿದ ಸಾಲಗಾರರಿಗೆ ತಡೆಗೋಡೆಯಾಯಿತು. ಶಿಕ್ಷೆಯೇ ಗುರಾಣಿ! ಅವನಿಗೆ ಸರಕು ಕೊಟ್ಟ ಅಂಗಡಿಯವರು, ಸಾಲ ಕೊಟ್ಟವರು ನೋಡುತ್ತಾ ನಿಲ್ಲಬೇಕಾಯಿತು. ಬೇಕನ್ ನಂತರ ರಾಜಮುದ್ರೆಯನ್ನು ಪಡೆದ ಬಿಷಪ್ ಜಾನ್ ವಿಲಿಯಮ್ಸ್ ಈ ವ್ಯವಸ್ಥೆಗೆ ಆಕ್ಷೇಪ ಎತ್ತಿ, ಮಾಫಿಯ ಪತ್ರಕ್ಕೆ ಮುದ್ರೆ ಒತ್ತುವುದನ್ನು ತಡೆಹಿಡಿದ.

12 ಮೈಲಿಯ ನಿರ್ಬಂಧದ ಕಥೆ ಇನ್ನೂ ಸ್ವಾರಸ್ಯ. ಲಂಡನ್ನಿಗೆ ಬರಲು ಬೇಕನ್ ಕಾಗದದ ಮೇಲೆ ಕಾಗದ ಬರೆದ. ದೊರೆಯ ಅಚ್ಚುಮೆಚ್ಚಿನ ಬಕಿಂಗಮ್‌ಗೆ ಯಾರ್ಕ್ ಹೌಸಿನ ಮೇಲೆ ಕಣ್ಣಿತ್ತು. ತಾನು ಹುಟ್ಟಿದ ಮನೆ, ತಂದೆ ಬಾಳಿದ ಮನೆ ಎಂದು ಬೇಕನ್ ಹಿಡಿದುಕೊಂಡೇ ಇದ್ದ. 1622ರಲ್ಲಿ ಅದರ ಗುತ್ತಿಗೆಯನ್ನು ಬಿಟ್ಟುಕೊಟ್ಟ ಮೇಲೆ ಊರೊಳಗೆ ಬರಲು ಅಪ್ಪಣೆಯಾಯಿತು.

ಆದರೆ ಒಂದು ಬಾಗಿಲು ತೆರೆಯಲೇ ಇಲ್ಲ. ಹೆಂಗಮ್‌ನಂತೆ ಬೇಕನ್ ಪೀಠಕ್ಕೆ ಹಿಂತಿರುಗಲಿಲ್ಲ. ಈಟನ್ ಶಾಲೆಯ ಮುಖ್ಯಸ್ಥನ ಸ್ಥಾನವನ್ನಾದರೂ ಕೊಡಿ ಎಂದು ಕೇಳಿದ, ಅದೂ ಬೇರೆಯವರ ಪಾಲಾಯಿತು. ಪಾರ್ಲಿಮೆಂಟಿನಲ್ಲಿ ಮತ್ತೆ ಕೂರಲಿಲ್ಲ. ಉಳಿದ ಐದು ವರ್ಷ ಬರೆದ. ಏಳನೆಯ ಹೆನ್ರಿಯ ಚರಿತ್ರೆಯನ್ನು ತಿಂಗಳುಗಳಲ್ಲಿ ಮುಗಿಸಿದ. 1625ರಲ್ಲಿ ತನ್ನ ಪ್ರಬಂಧಗಳನ್ನು ಹೆಚ್ಚಿಸಿ ಮತ್ತೆ ಅಚ್ಚು ಹಾಕಿಸಿದಾಗ, ನ್ಯಾಯಾಧೀಶರ ಕರ್ತವ್ಯದ ಕುರಿತು ಹಿಂದೆ ಬರೆದಿದ್ದ ಪ್ರಬಂಧವನ್ನು ಅದರಿಂದ ತೆಗೆಯಲಿಲ್ಲ. ಅದನ್ನು ತಿರುಗಿ ಓದುವಾಗ ಅವನ ಮನಸ್ಸಿನಲ್ಲಿ ಏನಿತ್ತೋ ಅಲ್ಲಾಹನೇ ಬಲ್ಲ. 1626ರ ಏಪ್ರಿಲ್ 9ರಂದು ಬೇರೊಬ್ಬರ ಮನೆಯಲ್ಲಿ, ಸಾಲದ ನಡುವೆ ತೀರಿಕೊಂಡ. ಮಾಫಿಯ ಇಷ್ಟು ಪತ್ರವ್ಯವಹಾರದಲ್ಲಿ ಆಬ್ರಿಗೆ ಅವನ 100 ಪೌಂಡ್, ಎಜರ್ಟನ್‌ಗೆ ಅವನ 400 ಪೌಂಡ್ ಹಿಂತಿರುಗಿಸುವ ಮಾತನ್ನು ನಾವು ಓದಿದ ಕಡೆಯಲ್ಲೆಲ್ಲೂ ಕಾಣಲಿಲ್ಲ. ಎಲ್ಲವೂ ದೊರೆ, ಬಕಿಂಗಮ್, ಬೇಕನ್ ಈ ಮೂವರ ನಡುವಿನ ವ್ಯವಹಾರ.

ಬೇಕನ್ ಕಥೆ ಹೇಳಿ ಅವನ ವೈರಿ ಎಡ್ವರ್ಡ್ ಕೋಕನ ಹೆಸರು ಬಿಟ್ಟರೆ ಅರ್ಧ ಹೇಳಿದಂತೆ. ಕೋಕ್ ಕಿಂಗ್ಸ್ ಬೆಂಚಿನ ಮುಖ್ಯ ನ್ಯಾಯಾಧೀಶನಾಗಿದ್ದ. 1616ರಲ್ಲಿ ಜೇಮ್ಸ್ ದೊರೆ ನ್ಯಾಯಾಧೀಶರನ್ನೆಲ್ಲ ಕರೆಸಿ, ನನ್ನ ಹಿತಕ್ಕೆ ಸಂಬಂಧಿಸಿದ ಮೊಕದ್ದಮೆಯನ್ನು ನಿಲ್ಲಿಸಿ ಎಂದು ನಾನು ಹೇಳಿದರೆ ನಿಲ್ಲಿಸುತ್ತೀರಾ ಎಂದು ಕೇಳಿದ. ಉಳಿದವರೆಲ್ಲ ಹೌದೆಂದರು. ಕೋಕ್ ಮಾತ್ರ, ಅಂಥ ಸಂದರ್ಭ ಬಂದಾಗ ನ್ಯಾಯಾಧೀಶನಿಗೆ ಯೋಗ್ಯವಾದದ್ದನ್ನು ಮಾಡುತ್ತೇನೆ ಎಂದ. ನವೆಂಬರಿನಲ್ಲಿ ಅವನನ್ನು ವಜಾ ಮಾಡಿದರು. ಆಗ ದೊರೆಯ ಪರ ನಿಂತ ಅಟಾರ್ನಿ ಜನರಲ್ ಇದೇ ಬೇಕನ್. ಮರುವರ್ಷ ಕೋಕನಿಗೂ ಒಂದು ರೀತಿಯ ಮಾಫಿ ಸಿಕ್ಕಿತು. ದೊರೆಯ ಪ್ರಿವಿ ಕೌನ್ಸಿಲಿಗೆ ಅವನನ್ನು ಮತ್ತೆ ಸೇರಿಸಿಕೊಂಡರು. ಅದಕ್ಕೆ ತೆತ್ತ ಬೆಲೆ, ತಾಯಿಯ ವಿರೋಧವನ್ನು ಲೆಕ್ಕಿಸದೆ ತನ್ನ ಮಗಳನ್ನು ಬಕಿಂಗಮ್‌ನ ಅಣ್ಣನಿಗೆ ಮದುವೆ ಮಾಡಿಕೊಟ್ಟದ್ದು. ದೊರೆಯ ಮುಂದೆ ಬಗ್ಗದವನು ಇಲ್ಲಿ ಬಗ್ಗಿದ. ಆ ಹುಡುಗಿಯ ಬಾಳು ಚೆನ್ನಾಗಿ ಸಾಗಲಿಲ್ಲ. ನ್ಯಾಯಪೀಠ ಕೋಕನಿಗೂ ಮತ್ತೆ ಸಿಗಲಿಲ್ಲ.

ಹೀಗೆ ಲಂಚ ಪಡೆದವನಿಗೂ, ಸತ್ಯಕ್ಕೆ ನಿಂತವನಿಗೂ ಶಿಕ್ಷೆ ಕೊಡುವ ಕೈ, ಮಾಫಿ ಕೊಡುವ ಕೈ ಎರಡೂ ದೊರೆಯದೇ ಆಗಿದ್ದರೆ ಏನಾಗುತ್ತದೆಂದು ಆ ದೇಶದ ಜನ ಕಲಿಯಲು ಇನ್ನೂ ಎಂಬತ್ತು ವರ್ಷ ಬೇಕಾಯಿತು. 1701ರ ಶಾಸನದಲ್ಲಿ ಎರಡು ಮಾತು ಬರೆದರು. ನಡತೆ ಸರಿಯಾಗಿರುವವರೆಗೆ ನ್ಯಾಯಾಧೀಶನನ್ನು ದೊರೆ ತನ್ನಿಷ್ಟಕ್ಕೆ ತೆಗೆಯುವಂತಿಲ್ಲ, ಪಾರ್ಲಿಮೆಂಟಿನ ಎರಡೂ ಸಭೆಗಳು ಕೇಳಿಕೊಂಡರೆ ಮಾತ್ರ ತೆಗೆಯಬಹುದು. ಕಾಮನ್ಸ್ ಸಭೆ ದೋಷಾರೋಪ ಹೊರಿಸಿದಾಗ ದೊರೆಯ ಮಾಫಿ ಪತ್ರ ತೋರಿಸಿ ತಪ್ಪಿಸಿಕೊಳ್ಳುವಂತಿಲ್ಲ. ಅಮೆರಿಕದವರು 1787ರಲ್ಲಿ ಸಂವಿಧಾನ ಬರೆಯುವಾಗ, ಅಧ್ಯಕ್ಷನ ಕ್ಷಮಾದಾನದ ಅಧಿಕಾರದಿಂದ ಇಂಪೀಚ್‌ಮೆಂಟನ್ನು ಹೊರಗಿಟ್ಟರು. ನಮ್ಮ ಸಂವಿಧಾನದಲ್ಲೂ ಸುಪ್ರೀಂ ಕೋರ್ಟಿನ ನ್ಯಾಯಾಧೀಶರನ್ನು ತೆಗೆಯಲು 124ನೆಯ ವಿಧಿಯಂತೆ ಸಂಸತ್ತಿನ ಎರಡೂ ಸದನಗಳ ವಿಶೇಷ ಬಹುಮತ ಬೇಕು. 72ನೆಯ ವಿಧಿಯ ರಾಷ್ಟ್ರಪತಿಗಳ ಕ್ಷಮಾದಾನ ಅಪರಾಧಕ್ಕೆ ಕೋರ್ಟು ಕೊಟ್ಟ ಶಿಕ್ಷೆಗೆ ಸಂಬಂಧಿಸಿದ್ದು, ಕಳೆದುಹೋದ ಪೀಠವನ್ನು ಹಿಂತಿರುಗಿಸುವುದಕ್ಕಲ್ಲ.

ನಮ್ಮ ದೇಶದ ಮೊಘಲರ ಕಾಲದ ಒಂದು ಸಂಗತಿಯೂ ಇಲ್ಲಿ ನೆನಪಾಗುತ್ತದೆ. ಔರಂಗಝೇಬನ ಮುಖ್ಯ ಕಾಝಿ ಅಬ್ದುಲ್ ವಹ್ಹಾಬ್ ಲಂಚದಿಂದ ಅಪಾರ ಸಂಪತ್ತು ಕೂಡಿಹಾಕಿದನೆಂದು ಚರಿತ್ರೆಕಾರರು ಬರೆದಿದ್ದಾರೆ. ಅವನಿಗೆ ಯಾರೂ ಶಿಕ್ಷೆ ಕೊಡಲಿಲ್ಲ, ಆದ್ದರಿಂದ ಮಾಫಿಯ ಪ್ರಶ್ನೆಯೇ ಬರಲಿಲ್ಲ. 1675ರಲ್ಲಿ ಅವನು ಸತ್ತಾಗ ಬಿಟ್ಟುಹೋದ ಆಸ್ತಿಯಲ್ಲಿ ಮಗ ಶೇಖುಲ್ ಇಸ್ಲಾಮ್ ತನ್ನ ಪಾಲನ್ನು ಮುಟ್ಟಲಿಲ್ಲ. ತಂದೆಯ ಸ್ಥಾನಕ್ಕೆ ಅವನೇ ಬಂದ. ಬಿಜಾಪುರ ಮತ್ತು ಗೋಲ್ಕೊಂಡದ ಮೇಲೆ ದಂಡೆತ್ತಿ ಹೋಗುವುದು ಧರ್ಮಸಮ್ಮತವೇ ಎಂದು ಬಾದಶಹ ಕೇಳಿದಾಗ ಅಲ್ಲವೆಂದ, ಹುದ್ದೆ ಬಿಟ್ಟು ಹಜ್‌ಗೆ ಹೊರಟುಹೋದ. 1686ರಲ್ಲಿ ಬಿಜಾಪುರ ಬಿದ್ದದ್ದು ಎಲ್ಲರಿಗೂ ಗೊತ್ತು. ಅದರ ಹಿಂದೆ ಒಬ್ಬ ಕಾಝಿ ಬೇಡವೆಂದಿದ್ದ ಎಂಬುದು ಗೋಲ ಗುಮ್ಮಟ ನೋಡಲು ಹೋಗುವ ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಇಷ್ಟನ್ನು ಓದಿದ ಮೇಲೆ ಹಿರಿಯರಿಬ್ಬರನ್ನು ನಾವೇ ಮನೆಗೆ ಕರೆದೆವು. ಚಹಾ ಕುಡಿಯುತ್ತಾ ಹೆಂಗಮನ ಕಥೆ, ಬೇಕನ್‌ನ ಕಥೆ ಹೇಳಿದೆವು. "ಮೌಲಾನಾ, ಆ ಮೊದಲನೆಯವನನ್ನು ವಾಪಸ್ ತಗೊಂಡ್ರಲ್ಲ, ಮತ್ತೆ?" ಎಂದು ಒಬ್ಬರು ಪಟ್ಟು ಹಿಡಿದರು. ಹೌದು, ತಗೊಂಡರು. ದೊರೆಗೆ ಬೇಕಿತ್ತು, ತಗೊಂಡ. ನಮಗೂ ಈಗ ಪಂಚಾಯಿತಿಗೆ ಅನುಭವಸ್ಥರು ಬೇಕು, ಅದಕ್ಕೇ ಕ್ಷಮೆಯ ಮಾತು ನೆನಪಾಗಿದೆಯೇ ಎಂದು ನಾವು ಕೇಳಿದಾಗ ಅವರು ಸುಮ್ಮನಾದರು. ಅಲ್ಲಾಹನ ಹಕ್ಕು ಬೇರೆ, ದಾಸರ ಹಕ್ಕು ಬೇರೆ ಎಂಬ ಪಾಠವನ್ನು ಅವರಿಗೆ ಹೊಸದಾಗಿ ಹೇಳಬೇಕಾಗಿರಲಿಲ್ಲ. ಆ ಹಿರಿಯರ ತೌಬಾವನ್ನು ಅಳೆಯುವವರು ನಾವಲ್ಲ. ಅವರೊಡನೆ ಸಲಾಂ ನಿಲ್ಲಿಸಿದವರು ಯಾರಾದರೂ ಇದ್ದರೆ ಅದು ತಪ್ಪು. ಆದರೆ ಅವರಿಗೆ ಮಾಫಿ ಕೊಡಲು ಹೊರಟಿರುವ ನಾವು ಯಾರೂ ಆ ಮನೆಯ ಪಾಲಿನಲ್ಲಿ ಏನನ್ನೂ ಕಳೆದುಕೊಂಡವರಲ್ಲ.

"ಆ ಹೆಣ್ಣುಮಗಳನ್ನು ಈ ಎಂಟು ವರ್ಷದಲ್ಲಿ ಯಾರಾದರೂ ಹೋಗಿ ಕೇಳಿದ್ದೀರಾ?" ಎಂದೆವು. ಯಾರೂ ಕೇಳಿರಲಿಲ್ಲ. ಆಕೆ ಈಗ ಎಲ್ಲಿದ್ದಾರೆಂಬುದೇ ಇಬ್ಬರಿಗೂ ತಿಳಿದಿರಲಿಲ್ಲ. ಮಗನ ಕೆಲಸಕ್ಕೆಂದು ಶಿವಮೊಗ್ಗದ ಕಡೆ ಹೋದರೆಂದು ಒಬ್ಬರು, ಇಲ್ಲ, ತವರಿಗೆ ಹೋದರೆಂದು ಇನ್ನೊಬ್ಬರು ಹೇಳಿದರು. ಮಾರನೆಯ ದಿನ ವಿಷಯ ಹೇಗೋ ಆ ಹಿರಿಯರ ಕಿವಿಗೂ ಬಿದ್ದು, ಫಜರ್ ನಂತರ ಅವರೇ ನಮ್ಮ ಬಳಿ ಬಂದು ಕುಳಿತರು. ಬಹಳ ಹೊತ್ತು ಏನೂ ಮಾತನಾಡಲಿಲ್ಲ. ಆಮೇಲೆ, ಆಕೆಯ ತಮ್ಮನ ಅಂಗಡಿ ಯಾವ ಊರಿನಲ್ಲಿದೆ ಎಂಬುದು ತಮಗೆ ಗೊತ್ತು ಎಂದರು. ಬರುವ ಭಾನುವಾರ ನಾವಿಬ್ಬರೂ ಬಸ್ಸಿನಲ್ಲಿ ಹೋಗುವುದೆಂದು ಮಾತಾಗಿದೆ.